ಮಾಲ್ಟಾದ ದಡದಲ್ಲಿ ಬಟ್ಟೆ ಕಾಯುವವರು

ಸ್ಕೋಕಿ

ಮೈತುಂಬ ಬಟ್ಟೆ ಹಾಕಿಕೊಳ್ಳುವ ಹುಡುಗಿ ಸಮುದ್ರಕ್ಕೆ ಯಾಕೆ ಹೋಗಬೇಕು ಎಂದು ನನ್ನನ್ನು ಕೇಳಿದವರು ಒಟ್ಟು ಹನ್ನೊಂದು ಜನ. ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಅವರಲ್ಲಿ ಏಳು ಜನಕ್ಕೆ ನನ್ನ ಬಟ್ಟೆ ಹೆಚ್ಚಾಯಿತೆಂಬ ಚಿಂತೆ, ನಾಲ್ಕು ಜನಕ್ಕೆ ನೀರು ಹೆಚ್ಚಾಯಿತೆಂಬ ಚಿಂತೆ. ಏಳು ಜನ ಡೆಟ್ರಾಯಿಟ್ ಕಡೆಯ ನನ್ನ ಕನ್ನಡ ಗೆಳೆಯರು ಮತ್ತು ಜೊತೆಗೆ ಕೆಲಸ ಮಾಡುವವರು. ನಾಲ್ವರು ಸ್ಕೋಕಿಯಲ್ಲಿ ಅಮ್ಮಿಯ ಹತ್ತಿರ ಬಟ್ಟೆ ಹೊಲಿಸಲು ಬರುವ ಆಂಟಿಯರು. ಈ ಎರಡು ಗುಂಪು ಒಬ್ಬರನ್ನೊಬ್ಬರು ಕಂಡಿಲ್ಲ. ಆದರೂ ಇಬ್ಬರ ಮಾತೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ: ಸುಮ್ಮನೆ ಮನೆಯಲ್ಲಿರು.

ನಾನು ಹೋಗಿ ಬಂದೆ. ಈ ಬರಹ ಹನ್ನೊಂದು ಜನಕ್ಕೂ ಸೇರಿದ್ದು.

ನಾನು ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸಿನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಬಂದ ಭಾಗ ಅಳತೆಗೆ ಸರಿಯಿದೆಯೇ ಎಂದು ನೋಡುವುದು ಕೆಲಸ. ಅಬ್ಬಾ, ಅಮ್ಮಿ ಇರುವುದು ಶಿಕಾಗೊ ಪಕ್ಕದ ಸ್ಕೋಕಿಯಲ್ಲಿ, ಕಾರಿನಲ್ಲಿ ಐದು ಗಂಟೆಯ ದಾರಿ. ಅಬ್ಬಾಗೆ ಫೋನ್ ರಿಪೇರಿ ಅಂಗಡಿ. ಅಮ್ಮಿಯ ಹೊಲಿಗೆ ಯಂತ್ರ ಮನೆಯ ಹಾಲ್‌ನಲ್ಲೇ, ಕಿಟಕಿ ಪಕ್ಕ. ಸುತ್ತಮುತ್ತಲ ಊರುಗಳ ಬ್ಲೌಸು, ಕಮೀಜುಗಳೆಲ್ಲ ಅಲ್ಲಿಗೇ ಬರುತ್ತವೆ.

ಕಳೆದ ಚಳಿಗಾಲವಿಡೀ ನಾನು ಕೆಲಸ ಮುಗಿಸಿ, ಹೆಂಗಸರಿಗೆ ಮಾತ್ರ ಎಂದು ಬಿಟ್ಟ ಹೊತ್ತಿನಲ್ಲಿ, ಒಂದು ಕೊಳದಲ್ಲಿ ಈಜು ಕಲಿತಿದ್ದೆ. ಉದ್ದಕ್ಕೆ ಒಂದು ಸಲ ದಾಟಬಲ್ಲೆ, ಎರಡನೆಯ ಸಲಕ್ಕೆ ಉಸಿರು ಹಿಡಿಯುತ್ತದೆ. ಅಷ್ಟರಲ್ಲಿ ಎಲ್ಲೋ ಒಂದು ವೀಡಿಯೊ ನೋಡಿದೆ. ಉದ್ದನೆಯ ಹಲಗೆಯ ಮೇಲೆ ನಿಂತು, ಕೈಯಲ್ಲಿ ಒಂದೇ ಹುಟ್ಟು ಹಿಡಿದು, ಹೆಂಗಸೊಬ್ಬಳು ಸಮುದ್ರದ ಮೇಲೆ ನಡೆದುಹೋಗುವ ಹಾಗೆ ಹೋಗುತ್ತಿದ್ದಳು. ಪ್ಯಾಡಲ್ ಬೋರ್ಡ್ ಎನ್ನುತ್ತಾರೆ. ನಾನೂ ಹಾಗೆ ನಿಲ್ಲಬೇಕು ಅನಿಸಿತು. ಬೇರೆ ಯಾವ ದೊಡ್ಡ ಕಾರಣವೂ ಇಲ್ಲ.

ಮೈ ಮುಚ್ಚುವ ಈಜುಡುಗೆಯನ್ನು ಕೊಳ್ಳಬೇಕೆಂದಿದ್ದೆ. ಅಮ್ಮಿ ಒಪ್ಪಲಿಲ್ಲ.

"ಅಂಗಡೀದು ಬೇಡ. ಒದ್ದೆ ಆದ್ರೆ ಮೈಗೆ ಅಂಟ್ಕೊಳ್ಳುತ್ತೆ. ನಾನು ಹೊಲ್ಕೊಡ್ತೀನಿ."

"ಹೊಲ್ಕೊಡು. ಆದ್ರೆ ನೀನೂ ಬರ್ಬೇಕು."

"ನಾನ್ಯಾಕೆ? ಅಲ್ಲಿ ನಂಗೇನು ಕೆಲ್ಸ?"

"ಏನೂ ಇಲ್ಲ. ಅದಕ್ಕೇ ಬಾ."

ಸೋಫಾದಲ್ಲಿ ಯಾರದೋ ಫೋನಿನ ಹೊಟ್ಟೆ ಬಿಚ್ಚಿ ಕೂತಿದ್ದ ಅಬ್ಬಾ ತಲೆ ಎತ್ತದೆ ಹೇಳಿದರು: "ಹೋಗ್ಬಾ. ಅವ್ಳು ಈಜ್ಲಿ, ನೀನು ಬಟ್ಟೆ ಕಾಯಿ."

ಅಬ್ಬಾ ತಮಾಷೆಗೆ ಹೇಳಿದ್ದು. ಆದರೆ ಆ ಮಾತಿನ ಹಿಂದೆ ನಮ್ಮ ಮನೆಯ ಒಂದು ಪದ್ಧತಿ ಇದೆ. ಚಿತ್ರದುರ್ಗದ ಹತ್ತಿರ ದೊಡ್ಡಪ್ಪನ ಹೊಲದಲ್ಲಿ ಮೆಟ್ಟಿಲಿಳಿಯುವ ದೊಡ್ಡ ಬಾವಿ ಇತ್ತು. ಬೇಸಿಗೆ ರಜೆಯಲ್ಲಿ ಮನೆಯ ಗಂಡುಮಕ್ಕಳೆಲ್ಲ ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡು ಅದರಲ್ಲಿ ಬಿದ್ದು ಈಜು ಕಲಿತರು. ಹೆಣ್ಣುಮಕ್ಕಳು ದಂಡೆಯ ಮೇಲೆ ಕೂತು ಅವರ ಅಂಗಿ ಚಡ್ಡಿ ಕಾಯಬೇಕು, ಇಲ್ಲದಿದ್ದರೆ ಮೇಕೆಗಳು ಬಂದು ಜಗಿಯುತ್ತವೆ. ನಾನು ಕಾದಿದ್ದೇನೆ. ನನಗಿಂತ ಮೊದಲು ಅಮ್ಮಿ ತನ್ನ ತವರಿನ ಬಾವಿಯ ಮೇಲೆ ಕೂತು ನಾಲ್ವರು ಅಣ್ಣಂದಿರ ಬಟ್ಟೆ ಕಾದಿದ್ದಾಳೆ. ಹದಿನಾಲ್ಕಕ್ಕೆ ನಾನು ಅಮೆರಿಕಕ್ಕೆ ಬಂದಾಗ ನೀರಿನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಅದರ ಪಕ್ಕದಲ್ಲಿ ಕೂತಿರಬೇಕು.

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಮಾತು ಊರಿನ ಉರ್ದು, ಜಗಳ ಕನ್ನಡ. ಯಾಕೆ ಹಾಗೋ ಗೊತ್ತಿಲ್ಲ, ಸಿಟ್ಟು ಬಂದರೆ ಅಮ್ಮಿಗೆ ಕನ್ನಡವೇ ಬರುತ್ತದೆ. ಈ ಪ್ರವಾಸದಲ್ಲಿ ನಾವು ಹೆಚ್ಚಾಗಿ ಕನ್ನಡದಲ್ಲೇ ಇದ್ದೆವು.

ವಲೆಟ್ಟಾ, ಭಾನುವಾರ

ಮಾಲ್ಟಾದಲ್ಲಿ ವಾಹನಗಳು ರಸ್ತೆಯ ಎಡಕ್ಕೆ ಓಡುತ್ತವೆ. ವಿಮಾನ ನಿಲ್ದಾಣದ ಬಾಗಿಲಲ್ಲೇ ಅಮ್ಮಿ ಇದನ್ನು ಕಂಡುಹಿಡಿದು ಪೆಟ್ಟಿಗೆ ಕೆಳಗಿಟ್ಟಳು.

"ನೋಡು, ನಮ್ಮೂರ ಥರ. ಇಲ್ಲಾಗಿದ್ರೆ ನಾನು ಕಾರ್ ಡ್ರೈವ್ ಮಾಡ್ತಿದ್ದೆ. ನಿಮ್ಮ ಶಿಕಾಗೊದಲ್ಲೇ ಎಲ್ಲ ಉಲ್ಟಾ."

ಅಮ್ಮಿ ಚಿತ್ರದುರ್ಗದಲ್ಲಿ ಮೊಪೆಡ್ ಓಡಿಸುತ್ತಿದ್ದಳು. ಸ್ಕೋಕಿಗೆ ಬಂದ ಮೇಲೆ ಹನ್ನೆರಡು ವರ್ಷದಿಂದ ಬಲಗಡೆ ಕೂತು ಅಬ್ಬಾಗೆ ದಾರಿ ಹೇಳುತ್ತಿದ್ದಾಳೆ.

ರಾಜಧಾನಿ ವಲೆಟ್ಟಾದ ಬೀದಿಗಳು ಕೆಲವು ಕಡೆ ಬರೀ ಮೆಟ್ಟಿಲು. ಮನೆಗಳೆಲ್ಲ ಒಂದೇ ಬಗೆಯ ಹಳದಿ ಸುಣ್ಣಕಲ್ಲು. ಪ್ರತಿ ಮನೆಯ ಮಹಡಿಯಿಂದಲೂ ಹಸಿರು, ಕೆಂಪು, ನೀಲಿ ಬಣ್ಣದ ಮರದ ಪೆಟ್ಟಿಗೆಯೊಂದು ಬೀದಿಯ ಮೇಲೆ ಚಾಚಿಕೊಂಡಿರುತ್ತದೆ, ಪೂರ್ತಿ ಮುಚ್ಚಿದ ಬಾಲ್ಕನಿ. ಅಮ್ಮಿಗೆ ಅವು ಬಹಳ ಹಿಡಿಸಿದವು. "ಒಳಗೆ ಕೂತ್ರೆ ಬೀದಿ ಎಲ್ಲ ಕಾಣುತ್ತೆ, ಬೀದಿಗೆ ನಾವು ಕಾಣಲ್ಲ. ತಿಳುವಳಿಕೆ ಇರೋ ಜನ." ಕೋಟೆ ಮಾತ್ರ ಹಿಡಿಸಲಿಲ್ಲ. ಗೋಡೆಯ ಕಲ್ಲನ್ನು ಉಗುರಿನಿಂದ ಕೆರೆದು ನೋಡಿ, ಚಿತ್ರದುರ್ಗದ ಕೋಟೆಯ ಮುಂದೆ ಇದು ಬಿಸ್ಕತ್ತು ಎಂದಳು. ಆ ಕಲ್ಲಿನ ಬಣ್ಣ ನಿಜಕ್ಕೂ ಬೆಣ್ಣೆ ಬಿಸ್ಕತ್ತಿನದು. ಊರ ಹೊರಗಿನ ಹೊಲಗಳಿಗೆ ನಮ್ಮ ಕಡೆಯ ಹಾಗೆಯೇ ಪಾಪಾಸುಕಳ್ಳಿಯ ಬೇಲಿ. ಅಟ್ಲಾಂಟಿಕ್ ಸಾಗರ ದಾಟಿ ಬಂದು ಹಿರಿಯೂರು ನೋಡುತ್ತಿದ್ದೇವೆ ಅನಿಸಿತು.

ಆ ದಿನದ ಎಡವಟ್ಟು ನನ್ನದು. ಇಲ್ಲಿನ ಕೆಲವು ಚರ್ಚುಗಳಿಗೆ ಎರಡು ಗೋಪುರ, ಎರಡು ಗಡಿಯಾರ. ಒಂದು ಸರಿಯಾದ ಹೊತ್ತು ತೋರಿಸುತ್ತದೆ, ಇನ್ನೊಂದು ಬೇಕೆಂದೇ ತಪ್ಪು ತೋರಿಸುತ್ತದೆ. ಪ್ರಾರ್ಥನೆಯ ಹೊತ್ತು ಸೈತಾನನಿಗೆ ತಿಳಿಯಬಾರದು ಎಂದು ಹಾಗಂತೆ. ಇದು ನನಗೆ ಆಮೇಲೆ ಗೊತ್ತಾಯಿತು. ಫೋನಿನ ಚಾರ್ಜ್ ಮುಗಿದಿದ್ದರಿಂದ ನಾನು ಎಡಗಡೆಯ ಗಡಿಯಾರ ನೋಡಿ, ಹೊತ್ತನ್ನು ದಿನಚರಿಯಲ್ಲಿ ಬರೆದು, ಬಸ್ಸಿಗೆ ಇನ್ನೂ ಬೇಕಾದಷ್ಟು ಸಮಯವಿದೆ ಎಂದು ಅಮ್ಮಿಯನ್ನು ಕೂರಿಸಿದೆ. ಬಸ್ಸು ಹೋಗಿ ಮುಗಿದಿತ್ತು. ಪಕ್ಕದ ಅಂಗಡಿಯವನು ಗಡಿಯಾರದ ಕತೆ ಹೇಳಿದಾಗ ಅಮ್ಮಿ ಕೊಡೆ ಬಿಡಿಸುತ್ತಾ ಅಂದಳು: "ಸೈತಾನನ್ನ ಹಿಡಿಯೋಕೆ ಇಟ್ಟಿದ್ದು. ನೀನು ಸಿಕ್ಕೊಂಡೆ."

ಮುಂದಿನ ಬಸ್ಸು ಬರುವತನಕ ಬಟಾಣಿ ತುಂಬಿದ ಗರಿಗರಿ ಪಫ್ ತಿಂದೆವು. ಅದಕ್ಕೆ ಹಂದಿಯ ಕೊಬ್ಬು ಹಾಕಿಲ್ಲ ತಾನೆ ಎಂದು ಅಮ್ಮಿ ಮೂರು ಅಂಗಡಿಯಲ್ಲಿ ನನ್ನಿಂದ ಕೇಳಿಸಿದಳು. ಮೂರನೆಯವನು ಹಾಕಿಲ್ಲವೆಂದು ಎದೆ ಮುಟ್ಟಿ ಹೇಳಿದ.

'ಇಷ್ಟು ಬಟ್ಟೆಯಲ್ಲಿ ಸೆಖೆ ಆಗುವುದಿಲ್ಲವೇ' ಎಂದು ಆ ದಿನ ಕೇಳಿದವರು: ಇಬ್ಬರು. ಇಬ್ಬರ ಬೆನ್ನೂ ಬಿಸಿಲಿಗೆ ಸುಟ್ಟು ಕೆಂಪಾಗಿತ್ತು.

ಹೋಟೆಲಿನ ಕೊಳ, ಸೋಮವಾರ

ಸಮುದ್ರಕ್ಕೆ ಇಳಿಯುವ ಮೊದಲು ಹೊಸ ಉಡುಗೆಯನ್ನು ಹೋಟೆಲಿನ ಕೊಳದಲ್ಲಿ ಪರೀಕ್ಷೆ ಮಾಡುವುದು ಎಂದು ನನ್ನ ಲೆಕ್ಕಾಚಾರ. ಅಮ್ಮಿ ಅದನ್ನು ಹೊರಡುವ ಮುನ್ನಾದಿನವಷ್ಟೇ ಮುಗಿಸಿದ್ದಳು. ಕಪ್ಪು ಬಟ್ಟೆ, ಈಜುಡುಗೆಗೆಂದೇ ನಾನು ಡೆಟ್ರಾಯಿಟ್ ಕಡೆಯಿಂದ ತಂದುಕೊಟ್ಟ ಥಾನು. ತೋಳಿನ ಉದ್ದಕ್ಕೆ ನೀಲಿ ಪಟ್ಟಿ, ತಲೆಗೆ ಟೊಪ್ಪಿಗೆ, ಮೊಣಕಾಲಿನವರೆಗೆ ಬರುವ ಮೇಲಂಗಿ, ಕೆಳಗೆ ಪ್ಯಾಂಟು. ಹೊಲಿಗೆ ನೇರ. ನಮ್ಮ ಕಾರ್ಖಾನೆಯಲ್ಲಿ ತಂದಿಟ್ಟರೂ ಪಾಸಾಗುತ್ತಿತ್ತು.

ಮೆಟ್ಟಿಲಿಳಿಯುವಷ್ಟರಲ್ಲಿ ಕೊಳ ನೋಡಿಕೊಳ್ಳುವ ಹುಡುಗ ಬಂದ. ಬಿಳಿ ಅಂಗಿ, ಕೊರಳಲ್ಲಿ ಸೀಟಿ.

"ಮೇಡಂ, ಬಟ್ಟೆ ಹಾಕಿಕೊಂಡು ಇಳಿಯುವಂತಿಲ್ಲ."

"ಬಟ್ಟೆ ಇಲ್ಲದೆ ಇಳಿಯಬೇಕಾ?"

ಅವನು ಕಿವಿಯವರೆಗೆ ಕೆಂಪಾದ. "ಹಾಗಲ್ಲ. ಈಜುಡುಗೆ ಇರಬೇಕು. ಕಾಟನ್ ಆದರೆ ನೂಲು ಉದುರಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬೋರ್ಡಿನ ಮೇಲೆ ಬರೆದಿದೆ."

"ಇದು ಈಜುಡುಗೆಯೇ. ಕಾಟನ್ ಅಲ್ಲ."

"ಲೇಬಲ್ ಇದೆಯೇ?"

"ಲೇಬಲ್ ಅಗೋ, ಅಲ್ಲಿ ಕೂತಿದೆ." ಕೊಡೆಯ ಕೆಳಗೆ ನಮ್ಮ ಚಪ್ಪಲಿ, ಟವೆಲ್ಲು, ಚೀಲ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ ಅಮ್ಮಿಯನ್ನು ತೋರಿಸಿದೆ. "ಹೊಲಿದವರು ಅವರು. ಅನುಮಾನ ಇದ್ದರೆ ಅವರನ್ನೇ ಕೇಳಿ. ಕೇಳುವ ಮೊದಲು ಆ ಮೂಲೆಯಲ್ಲಿ ಹತ್ತಿ ಟೀ ಶರ್ಟು ಹಾಕಿಕೊಂಡು ತೇಲುತ್ತಿರುವ ಸಾಹೇಬರ ಲೇಬಲ್ ನೋಡಿ ಬನ್ನಿ."

ಮೂಲೆಯ ಸಾಹೇಬರು ಬಿಸಿಲಿಗೆ ಹೆದರಿ ನಿಜಕ್ಕೂ ಟೀ ಶರ್ಟು ಹಾಕಿದ್ದರು. ಹುಡುಗ ಅವರನ್ನು ನೋಡಿದ, ನನ್ನನ್ನು ನೋಡಿದ, ಅಮ್ಮಿಯನ್ನು ನೋಡಿದ. ಅಮ್ಮಿ ಮಾತು ಕೇಳಿಸದಿದ್ದರೂ ಅವನನ್ನು ನೇರ ದಿಟ್ಟಿಸಿದಳು. ಅವನು ಸೀಟಿ ಸರಿಮಾಡಿಕೊಂಡು ಹೊರಟುಹೋದ.

ನಾನು ತಲೆಯೆತ್ತಿ ನೀರಿಗಿಳಿದೆ. ಆದರೆ ಹೊರಬರುವಾಗ ಮೆಟ್ಟಿಲ ಮೇಲೆ ಯಾರೋ ಹಿಂದಿನಿಂದ ಮೇಲಂಗಿ ಹಿಡಿದೆಳೆದ ಹಾಗಾಯಿತು. ಹೆದರಿಕೆಗೆ ಮೈ ಭಾರವಾಗಿದೆ ಅಂದುಕೊಂಡೆ. ಗೆದ್ದ ಸಂತೋಷದಲ್ಲಿ ಅದನ್ನು ಬರೆದಿಡಲೂ ಇಲ್ಲ.

ಕೊಲ್ಲಿ, ಮಂಗಳವಾರ

ಹಲಗೆಯ ಆಟ ಕಲಿಸುವವಳು ರೀಟಾ. ಅರವತ್ತರ ಹತ್ತಿರದ ಹೆಂಗಸು, ತೆಳ್ಳಗೆ, ಒಣಗಿದ ಹುಣಸೆಕಾಯಿಯ ಬಣ್ಣ. ದ್ವೀಪದ ಉತ್ತರಕ್ಕಿರುವ ಸಣ್ಣ ಕೊಲ್ಲಿಯೊಂದರಲ್ಲಿ ಅವಳ ಗುಡಿಸಲು, ಅದರ ಮುಂದೆ ಸಾಲಾಗಿ ನಿಲ್ಲಿಸಿದ ಹಲಗೆಗಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಹನ್ನೆರಡನೆಯ ಪ್ರಶ್ನೆ ಬರುತ್ತದೆ ಎಂದು ಕಾದೆ. ಅವಳು ಕೇಳಿದ್ದು ಬೇರೆ.

"ಈಜು ಬರುತ್ತಾ?"

"ಕೊಳದ ಉದ್ದಕ್ಕೆ ಒಂದು ಸಲ."

"ಸಾಕು. ಲೈಫ್ ಜಾಕೆಟ್ ಇರುತ್ತದೆ."

ಕೊಲ್ಲಿಯ ಆಚೆ ಬದಿಗೆ ಬಂಡೆಯ ಮೂಗೊಂದು ಸಮುದ್ರಕ್ಕೆ ಚಾಚಿದೆ. ಅದನ್ನು ಸುತ್ತಿ ಹೋದರೆ ಇನ್ನೊಂದು ಪುಟ್ಟ ಕೊಲ್ಲಿ. ಅಲ್ಲಿಗೆ ನೆಲದ ದಾರಿಯಿಲ್ಲ, ನೀರಿನಿಂದಲೇ ಹೋಗಬೇಕು. ಕಲಿಯಲು ಬಂದವರನ್ನು ರೀಟಾ ಕೊನೆಯ ದಿನ ಅಲ್ಲಿಗೆ ಕರೆದೊಯ್ಯುತ್ತಾಳೆ. ಆದರೆ ಒಂದು ಷರತ್ತು. ಆಳದಲ್ಲಿ ಬಿದ್ದು, ಯಾರ ಕೈಯೂ ಹಿಡಿಯದೆ, ಮೂರು ಸಲ ಹಲಗೆ ಹತ್ತಿ ತೋರಿಸಬೇಕು. "ನಿಲ್ಲುವುದು ಯಾರಿಗಾದರೂ ಬರುತ್ತದೆ. ಹತ್ತಲು ಬಾರದವರನ್ನು ನಾನು ಆಚೆಗೆ ಒಯ್ಯುವುದಿಲ್ಲ."

ನಿಲ್ಲುವುದು ನಿಜಕ್ಕೂ ಬಂತು. ಮೊದಲು ಮಂಡಿಯೂರಿ, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ಕಾಲು ನೋಡಬೇಡ, ಬಂಡೆ ನೋಡು ಎಂದು ರೀಟಾ ಕೂಗುತ್ತಿದ್ದಳು. ಬಂಡೆ ನೋಡಿದೆ. ನಿಂತೆ. ನೀರು ಹಸಿರು ಗಾಜಿನ ಹಾಗಿತ್ತು, ತಳದ ಕಲ್ಲು ಕಾಣುತ್ತಿತ್ತು. ದಡದಲ್ಲಿ ಅಮ್ಮಿ ನಮ್ಮ ಬಟ್ಟೆಗಂಟಿನ ಮೇಲೆ ಕೈಯಿಟ್ಟು ಕೂತು ಇನ್ನೊಂದು ಕೈ ಬೀಸಿದಳು. ನಾನೂ ಕೈ ಬೀಸಲು ಹೋಗಿ ಬಿದ್ದೆ.

ಹತ್ತಲು ಆಗಲಿಲ್ಲ. ಎದೆಯವರೆಗೆ ಹಲಗೆಯ ಮೇಲೆ ಬರುತ್ತೇನೆ, ಸೊಂಟದಿಂದ ಕೆಳಗೆ ಯಾರೋ ಅಕ್ಕಿಮೂಟೆ ಕಟ್ಟಿದ ಹಾಗೆ ಜಾರಿ ಹಿಂದಕ್ಕೆ ಬೀಳುತ್ತೇನೆ. ಎಷ್ಟು ಸಲ ಎಂದು ಬರೆದಿಟ್ಟಿದ್ದೇನೆ, ಇಲ್ಲಿ ಹೇಳುವುದಿಲ್ಲ. ಕೊನೆಗೆ ರೀಟಾ ಲೈಫ್ ಜಾಕೆಟ್ಟಿನ ಕುಣಿಕೆ ಹಿಡಿದು, ಬಲೆಗೆ ಸಿಕ್ಕ ಮೀನಿನಂತೆ ನನ್ನನ್ನು ದಡಕ್ಕೆಳೆದಳು. ಅಲ್ಲಿ ಬಗ್ಗಿ ನನ್ನ ಮೇಲಂಗಿಯ ಅಂಚನ್ನು ಹಿಂಡಿದಳು. ನೀರು ಬರುತ್ತಲೇ ಇತ್ತು, ಕೊಡ ಬಗ್ಗಿಸಿದ ಹಾಗೆ.

"ಇದರ ಒಳಗೇನಿದೆ?"

ನಾನು ಅಮ್ಮಿಯ ಕಡೆ ನೋಡಿದೆ.

"ಲೈನಿಂಗು," ಅಂದಳು ಅಮ್ಮಿ.

"ಈಜೋ ಬಟ್ಟೆಗೆ ಲೈನಿಂಗಾ?"

"ಲೈನಿಂಗ್ ಇಲ್ದೆ ನಾನು ಯಾವತ್ತಾದ್ರೂ ಹೊಲಿದಿದೀನಾ?"

"ಯಾವ ಬಟ್ಟೇದು?"

"ಕಾಟನ್ನೇ. ಒಳ್ಳೇದು. ತೊಳೆದು, ಕುಗ್ಗಿಸಿ, ಇಸ್ತ್ರಿ ಮಾಡಿ ಹಾಕಿದೀನಿ."

ಕೊಳದ ಹುಡುಗನ ಸೀಟಿ ನನ್ನ ಕಿವಿಯಲ್ಲಿ ಕೇಳಿಸಿದಂತಾಯಿತು. ಅಮ್ಮಿ ಅದೇ ಕಪ್ಪು ಬಣ್ಣದ ಲೈನಿಂಗನ್ನು, ಬೇರೆಯೆಂದು ನನಗೂ ಗೊತ್ತಾಗದ ಹಾಗೆ, ಸುತ್ತಲೂ ಅಂಚಿಗೆ ಸೇರಿಸಿ, ಒಂದಿಷ್ಟೂ ಬಾಯಿ ಬಿಡದೆ ಹೊಲಿದಿದ್ದಳು. ಸಾಲದ್ದಕ್ಕೆ ಪಕ್ಕದ ಹೊಲಿಗೆಗಳಲ್ಲಿ, ಮುಂದೆ ನಾನು ದಪ್ಪವಾದರೆ ಬಿಚ್ಚಿಕೊಳ್ಳಲೆಂದು, ಎರಡೆರಡು ಬೆರಳು ಬಟ್ಟೆ ಮಡಿಸಿ ಬಿಟ್ಟಿದ್ದಳು. ನಾನು ಸೊಂಟಕ್ಕೆ ನೀರಿನ ಚೀಲ ಕಟ್ಟಿಕೊಂಡು ಮೆಡಿಟರೇನಿಯನ್‌ಗೆ ಇಳಿದಿದ್ದೆ.

ರೀಟಾ ಗುಡಿಸಲಿನಿಂದ ರಬ್ಬರಿನಂಥ ಬಿಗಿಯಾದ ಸೂಟೊಂದನ್ನು ತಂದಳು. "ಇದನ್ನು ಹಾಕು. ಈಗಲೇ ಹತ್ತುತ್ತೀಯ. ಬಟ್ಟೆಯ ವಿಷಯ ನನಗೆ ಸಂಬಂಧವಿಲ್ಲ, ಹತ್ತುವುದಷ್ಟೇ ಸಂಬಂಧ."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆದರೂ ನಾನು ತಲೆಯಾಡಿಸಿದೆ. ಅದನ್ನು ಹಾಕಿ ಹತ್ತಿದರೆ ಏಳು ಜನರ ಮಾತು ನಿಜವಾಗುತ್ತಿತ್ತು. ಹತ್ತದೆ ವಾಪಸ್ಸಾದರೆ ನಾಲ್ಕು ಜನರದು. ನನಗೆ ಈ ಬಟ್ಟೆಯಲ್ಲೇ, ಈ ಹಲಗೆಯನ್ನೇ ಹತ್ತಬೇಕಿತ್ತು. ಶುಕ್ರವಾರ ಕೊನೆಯ ಪಾಠ, ಶನಿವಾರ ವಿಮಾನ.

"ಲೈನಿಂಗ್ ಬಿಚ್ಚಿಕೊಡು," ಎಂದೆ ಅಮ್ಮಿಗೆ, ಬಸ್ಸಿನಲ್ಲಿ.

"ಬಿಚ್ಚಲ್ಲ. ಒದ್ದೆ ಆದ್ರೆ ಮೈ ಕಾಣುತ್ತೆ."

"ಕಪ್ಪು ಬಟ್ಟೆ ಅಮ್ಮಿ. ಏನೂ ಕಾಣಲ್ಲ."

"ನಿಂಗೆ ಕಾಣಲ್ಲ. ಹಿಂದೆ ನಿಂತೋರಿಗೆ?"

"ಹಿಂದೆ ಸಮುದ್ರ ಇರುತ್ತೆ."

"ಹಾಗಾದ್ರೆ ಅಂಗಡೀದೇ ತಗೊ. ನನ್ ಕೈಲಿ ಹೊಲಿದದ್ದನ್ನ ನಾನೇ ಹಾಳು ಮಾಡಲ್ಲ."

ಹೋಟೆಲು ತಲುಪುವವರೆಗೆ ಇಬ್ಬರೂ ಬೇರೆಬೇರೆ ಕಿಟಕಿ ನೋಡಿದೆವು.

ಗೋಜೋ, ಬುಧವಾರ

ಗೋಜೋ ಪಕ್ಕದ ದ್ವೀಪ, ದೊಡ್ಡ ದೋಣಿಯಲ್ಲಿ ಅರ್ಧ ಗಂಟೆ ಕೂಡ ಹಿಡಿಯುವುದಿಲ್ಲ. ಜಗಳವಾಗಿದ್ದರೂ ಟಿಕೆಟ್ಟಿನ ಯೋಜನೆ ಮೊದಲೇ ಆಗಿತ್ತು, ಯೋಜನೆ ಮಾಡಿದ್ದನ್ನು ನಾನು ಬಿಡುವುದಿಲ್ಲ. ಸಮುದ್ರದ ಅಂಚಿಗೆ ಬಂಡೆಯಲ್ಲೇ ಕೊರೆದ ಉಪ್ಪಿನ ಗುಣಿಗಳನ್ನು ನೋಡಿದೆವು. ದೂರದಿಂದ ಯಾರೋ ಕಲ್ಲಿನ ಮೇಲೆ ಚೌಕಾಬಾರದ ಮನೆ ಬರೆದ ಹಾಗಿತ್ತು. ಅಮ್ಮಿ ಬೆರಳಿಗೆ ಒಂದು ಹರಳು ಅಂಟಿಸಿಕೊಂಡು ನಾಲಿಗೆಗಿಟ್ಟಳು. ನನ್ನ ಜೊತೆ ಮಾತಿಲ್ಲ.

ಊರೊಳಗೆ ಒಂದು ಓಣಿಯಲ್ಲಿ ಮುದುಕಿಯೊಬ್ಬಳು ಹೊಸ್ತಿಲ ಹೊರಗೆ ಕುರ್ಚಿ ಹಾಕಿಕೊಂಡು ಲೇಸು ಹೆಣೆಯುತ್ತಿದ್ದಳು. ಮಡಿಲಲ್ಲಿ ಉದ್ದನೆಯ ದಿಂಬು, ಅದರ ಮೇಲೆ ನೂರಾರು ಗುಂಡುಸೂಜಿ, ಒಂದೊಂದು ದಾರದ ತುದಿಗೂ ಮರದ ಪುಟ್ಟ ಕಡ್ಡಿ. ಕಡ್ಡಿಗಳನ್ನು ಅತ್ತಿಂದಿತ್ತ ಎಸೆಯುತ್ತಿದ್ದರೆ ಟಕಟಕ ಎಂದು ಮಳೆ ಶುರುವಾದ ಸದ್ದು. ಅಮ್ಮಿ ನಿಂತುಬಿಟ್ಟಳು. ಮುದುಕಿ ಕಾಲಿನಿಂದ ಒಂದು ಮಣೆ ಮುಂದಕ್ಕೆ ತಳ್ಳಿದಳು. ಅಮ್ಮಿ ಕೂತಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅಮ್ಮಿ ತನ್ನ ತೋರುಬೆರಳಿನಲ್ಲಿ ಸೂಜಿ ಚುಚ್ಚಿ ಗಟ್ಟಿಯಾದ ಜಾಗ ತೋರಿಸಿದಳು. ಮುದುಕಿ ತನ್ನದನ್ನು ತೋರಿಸಿದಳು.

ಸುಮಾರು ಹೊತ್ತಿನ ಮೇಲೆ ಮುದುಕಿಯ ಕೈ ತಟ್ಟನೆ ನಿಂತಿತು. ಲೇಸಿನ ಮೇಲೆ ಬಗ್ಗಿ, ಎರಡು ಬೆರಳಗಲದಷ್ಟು ಹಿಂದೆ ಎಲ್ಲೋ ಒಂದು ದಾರ ತಪ್ಪಿರುವುದನ್ನು ಕಂಡಳು. ನನಗೆ ಏನೂ ಕಾಣಲಿಲ್ಲ. "ಅಲ್ಲಾ" ಎಂದು ಉಸಿರುಬಿಟ್ಟು, ಗುಂಡುಸೂಜಿಗಳನ್ನು ಕೀಳುತ್ತಾ, ಅಷ್ಟನ್ನೂ ಬಿಚ್ಚಿ ಹಿಂದಕ್ಕೆ ಬಂದಳು. ಮುಖದಲ್ಲಿ ಬೇಸರವಿಲ್ಲ. ಬಿಚ್ಚುವುದೂ ಹೆಣೆಯುವುದೂ ಒಂದೇ ವೇಗ.

ವಾಪಸ್ಸು ದೋಣಿ ಅರ್ಧ ದಾರಿ ಬಂದಿತ್ತು. ಅಮ್ಮಿ ಉರ್ದುವಿನಲ್ಲಿ ಮಾತು ತೆಗೆದಳು. ಅದರಿಂದಲೇ ನನಗೆ ಜಗಳ ಮುಗಿಯಿತೆಂದು ತಿಳಿಯಿತು. ಆ ಅಜ್ಜಿ ಕೊರಳಲ್ಲಿ ಶಿಲುಬೆ ಹಾಕಿದಾಳೆ, ಅಲ್ಲಾ ಅನ್ನುತ್ತಾಳಲ್ಲ ಎಂದು ಕೇಳಿದಳು. ಇಲ್ಲಿನವರ ಭಾಷೆಯಲ್ಲಿ ದೇವರಿಗೆ ಅದೇ ಮಾತು ಎಂದೆ.

"ಹೋಟೆಲಲ್ಲಿ ಬ್ಲೇಡು ಸಿಗುತ್ತಾ ಕೇಳು," ಎಂದಳು ಆಮೇಲೆ.

ಬಾಲ್ಕನಿ, ಗುರುವಾರ

ಬೆಳಿಗ್ಗೆ ರಿಸೆಪ್ಷನ್ನಿಗೆ ಹೋಗಿ, ನಮ್ಮ ತಾಯಿಗೆ ಒಂದು ಬ್ಲೇಡು ಬೇಕು ಎಂದು ಕೇಳಿದೆ. ಅಲ್ಲಿ ಕೂತಿದ್ದ ಹುಡುಗಿ ನಗುವುದನ್ನು ನಿಲ್ಲಿಸಿದಳು. ತಾಯಿಯವರು ಹೇಗಿದ್ದಾರೆ, ವೈದ್ಯರನ್ನು ಕರೆಸಬೇಕೇ ಎಂದಳು. ಹೊಲಿಗೆ ಬಿಚ್ಚಲು ಎಂದು ನಾನು ಎಷ್ಟು ಹೇಳಿದರೂ ಅವಳ ಅನುಮಾನ ಹೋಗಲಿಲ್ಲ. ಕೊನೆಗೆ ಗಡ್ಡ ಹೆರೆಯುವ ಪ್ಲಾಸ್ಟಿಕ್ ರೇಜರೊಂದನ್ನು ಕೊಟ್ಟು, ನನ್ನ ಹಿಂದೆಯೇ ಲಿಫ್ಟಿನವರೆಗೆ ಬಂದಳು. ಅಮ್ಮಿ ಅದನ್ನು ಚಪ್ಪಲಿಯ ಹಿಮ್ಮಡಿಯಿಂದ ಒಡೆದು ಬ್ಲೇಡು ತೆಗೆದಳು. ನಮ್ಮೂರಿನ ಯಾವ ಟೈಲರೂ ಹೊಲಿಗೆ ಬಿಚ್ಚಲು ಕತ್ತರಿ ಹಿಡಿಯುವುದಿಲ್ಲ.

ಬಿಚ್ಚುವ ಮೊದಲು ಪರೀಕ್ಷೆ ಆಗಬೇಕು ಎಂದಳು. ಪ್ಯಾಂಟಿಗೆ ಲೈನಿಂಗ್ ಇರಲಿಲ್ಲ. ಅದರ ಒಂದು ಕಾಲನ್ನು ಒದ್ದೆ ಮಾಡಿ, ತನ್ನ ಕೈಯನ್ನು ಒಳಗೆ ತೂರಿಸಿ, ಬಾಲ್ಕನಿಯ ಬಿಸಿಲಿಗೆ ಎತ್ತಿ ಹಿಡಿದಳು.

"ಬೆರಳೆಷ್ಟು?"

"ಗೊತ್ತಾಗಲ್ಲ."

"ಸರಿಯಾಗಿ ನೋಡು. ಗೆಲ್ಲೋಕೆ ಸುಳ್ಳು ಹೇಳ್ಬೇಡ."

"ಅಮ್ಮಿ, ನಾನು ನೋಡೋದನ್ನೇ ಕೆಲ್ಸ ಮಾಡ್ಕೊಂಡಿದೀನಿ. ಏನೂ ಕಾಣಲ್ಲ. ಬೇಕಾದ್ರೆ ನಾನು ಹಿಡೀತೀನಿ, ನೀನೇ ನೋಡು."

ನಾನು ಹಿಡಿದೆ. ಅವಳು ಮುಂದಿನಿಂದ ನೋಡಿದಳು, ಹಿಂದಿನಿಂದ ನೋಡಿದಳು, ಒಳಗೆ ಹೋಗಿ ಪರದೆಯ ಸಂದಿಯಿಂದ ನೋಡಿದಳು. ಬಂದು ಕೂತು, ಮೇಲಂಗಿಯನ್ನು ತಿರುವಿ ಮಡಿಲಲ್ಲಿ ಹಾಕಿಕೊಂಡಳು. ಮೊದಲ ಹೊಲಿಗೆಗೆ ಬ್ಲೇಡು ತಾಗಿಸಿದಳು.

"ಸ್ಕೋಕೀಲಿ ಯಾರಿಗೂ ಹೇಳ್ಬೇಡ, ಲೈನಿಂಗ್ ಇಲ್ದೆ ಕೊಟ್ಟೆ ಅಂತ."

"ಬರೀತೀನಿ."

"ಬರಿ. ಆ ನಾಲ್ಕು ಜನ ಓದಲ್ಲ."

ಬ್ಲೇಡು ಸರ್ರನೆ ಹೋಯಿತು. ಹೊಲಿದಷ್ಟೇ ಅಚ್ಚುಕಟ್ಟಾಗಿ ಬಿಚ್ಚಿದಳು. ಮಡಿಸಿ ಬಿಟ್ಟ ಬಟ್ಟೆಯನ್ನೂ ಕತ್ತರಿಸಿದಳು, "ಇನ್ನು ದಪ್ಪ ಆಗೋ ಹಾಗಿಲ್ಲ ನೀನು" ಎನ್ನುತ್ತಾ. ಅಂಚಿಗೆ ಕೈಹೊಲಿಗೆ ಹಾಕಿ, ನೀರು ಹರಿದುಹೋಗಲು ಎರಡು ಕಡೆ ಸೀಳು ಬಿಟ್ಟಳು. ತೆಗೆದ ಲೈನಿಂಗನ್ನು ಎಸೆಯಲಿಲ್ಲ. ಒಳ್ಳೆಯ ಕಾಟನ್ನು, ಮಡಿಸಿ ಚೀಲಕ್ಕೆ ಹಾಕಿದಳು.

ಕೊಲ್ಲಿ, ಶುಕ್ರವಾರ

ರೀಟಾ ಅಂಚನ್ನು ಹಿಂಡಿ ನೋಡಿದಳು, ಸೀಳನ್ನು ನೋಡಿದಳು, ಅಮ್ಮಿಯನ್ನು ನೋಡಿದಳು. ಹಲಗೆಯನ್ನು ಆಳಕ್ಕೆ ತಳ್ಳಿದಳು.

ಮೊದಲ ಸಲ ಹತ್ತಿದಾಗ ಬಾಯಿತುಂಬ ಉಪ್ಪುನೀರಿತ್ತು. ನಮ್ಮ ಕಡೆಯ ಮಿಶಿಗನ್ ಸರೋವರ ಎಷ್ಟೇ ದೊಡ್ಡದಿರಲಿ, ಸಿಹಿನೀರು, ಕುಡಿದರೆ ಕೆಮ್ಮು ಬರುವುದಿಲ್ಲ. ಎರಡನೆಯ ಸಲ ಮೊಣಕೈ ತರಚಿತು. ಮೂರನೆಯ ಸಲ ಕಾಲು ಒದೆದು, ಹೊಟ್ಟೆಯ ಮೇಲೆ ಜಾರಿ, ಸರಾಗವಾಗಿ ಮೇಲೆ ಬಂದು ಕೂತೆ. ನೀರು ಸೀಳುಗಳಿಂದ ಇಳಿದುಹೋಗಿ ಬಟ್ಟೆ ಹಗುರಾಗುವುದು ಕಾಲಿಗೆ ತಿಳಿಯುತ್ತಿತ್ತು.

"ಸರಿ, ಹೋಗೋಣ," ಎಂದಳು ರೀಟಾ.

ಬಂಡೆಯ ಮೂಗನ್ನು ಸುತ್ತುವಾಗ ಗಾಳಿ ಎದುರಾಯಿತು. ಎರಡು ಸಲ ಬಿದ್ದೆ, ಎರಡು ಸಲ ಹತ್ತಿದೆ. ಆಚೆಯ ಕೊಲ್ಲಿಯಲ್ಲಿ ವಿಶೇಷವೇನೂ ಇರಲಿಲ್ಲ. ಸ್ವಲ್ಪ ಕಲ್ಲು, ಸ್ವಲ್ಪ ಮರಳು, ನೀರು ನುಗ್ಗಿ ಬರುವ ಒಂದು ತಗ್ಗಾದ ಗವಿ. ಆದರೆ ಅಲ್ಲಿ ನನಗಾಗಿ ಬಟ್ಟೆ ಕಾಯುತ್ತ ಕೂತವರು ಯಾರೂ ಇರಲಿಲ್ಲ. ನಾನೂ ಯಾರದನ್ನೂ ಕಾಯುತ್ತಿರಲಿಲ್ಲ. ಹಲಗೆಯ ಮೇಲೆ ನಿಂತೇ ಒಂದು ಸುತ್ತು ಬಂದೆ. ಬಂಡೆಯ ನೆರಳಿನಲ್ಲಿ ನಿಂತಿದ್ದ ದೋಣಿಯಿಂದ ಗಂಡಸೊಬ್ಬ, ಸೆಖೆ ಆಗುವುದಿಲ್ಲವೇ ಎಂದು ಕೂಗಿ ಕೇಳಿದ. ನಾನು ಒದ್ದೆಯಾಗಿದ್ದೇನೆ, ನೀವು ಬೆವರುತ್ತಿದ್ದೀರಿ ಎಂದು ಕೂಗಿದೆ. ರೀಟಾ ನಕ್ಕದ್ದು ಆ ವಾರದಲ್ಲಿ ಅದೊಂದೇ ಸಲ.

ಹಿಂದಿರುಗಿದಾಗ ಅಮ್ಮಿ ಅದೇ ಕಲ್ಲಿನ ಮೇಲೆ, ಅದೇ ಗಂಟಿನ ಮೇಲೆ ಕೈಯಿಟ್ಟು ಕೂತಿದ್ದಳು. ನಾನು ಹಲಗೆಯನ್ನು ಮಂಡಿಯುದ್ದ ನೀರಿನವರೆಗೆ ತಂದೆ.

"ಬಾ."

"ಎಲ್ಲಿಗೆ?"

"ಮುಂದೆ ಕೂತ್ಕೊ. ನಾನು ಹುಟ್ಟು ಹಾಕ್ತೀನಿ."

"ಹುಚ್ಚಾ ನಿಂಗೆ? ಈ ವಯಸ್ಸಲ್ಲಿ?"

"ರೀಟಾಗೆ ನಿನಗಿಂತ ಹೆಚ್ಚು ವಯಸ್ಸಾಗಿದೆ."

"ಬಟ್ಟೆ ಯಾರು ನೋಡ್ಕೋತಾರೆ?"

"ಪಾಸ್‌ಪೋರ್ಟು ಹೋಟೆಲಲ್ಲಿದೆ. ಇಲ್ಲಿರೋದು ಎರಡು ಜೊತೆ ಚಪ್ಪಲಿ, ಒಂದು ಟವೆಲ್ಲು, ಬ್ರೆಡ್ಡು. ಯಾರೂ ಕದಿಯ‌ಲ್ಲ. ಇಲ್ಲಿ ಮೇಕೆನೂ ಇಲ್ಲ ಅಮ್ಮಿ."

ಅಮ್ಮಿ ಸುತ್ತ ನೋಡಿದಳು. ನಿಜಕ್ಕೂ ಮೇಕೆ ಹುಡುಕುತ್ತಿದ್ದಾಳೆ ಅನಿಸಿತು. ಅಷ್ಟರಲ್ಲಿ ರೀಟಾ ಬಂದು, ಏನನ್ನೂ ಕೇಳದೆ, ಅವಳ ಕೊರಳಿಗೆ ಲೈಫ್ ಜಾಕೆಟ್ಟು ಹಾಕಿ ಪಟ್ಟಿ ಬಿಗಿದಳು. ಹಗ್ಗ ಕಟ್ಟಿ ತೇಲಿಬಿಟ್ಟ ಕೆಂಪು ಬುರುಡೆಯವರೆಗೆ ಮಾತ್ರ, ಆಚೆಗೆ ಹೋಗಬಾರದು ಎಂದು ನನಗೆ ಬೆರಳು ತೋರಿಸಿದಳು. ಅಮ್ಮಿ ಪಟ್ಟಿಯನ್ನು ಮುಟ್ಟಿ, "ಹೊಲಿಗೆ ಗಟ್ಟಿ ಇದೆ" ಎಂದಳು. ಸಲ್ವಾರಿನ ಕಾಲು ಎತ್ತಿ ಹಿಡಿದು ನೀರಿಗೆ ಇಳಿದಳು. ಮೂರನೆಯ ಹೆಜ್ಜೆಗೆ ಎತ್ತಿ ಹಿಡಿದದ್ದನ್ನು ಬಿಟ್ಟಳು.

ಹಲಗೆಯ ಮುಂಭಾಗದಲ್ಲಿ ಚಕ್ಕಳಮಕ್ಕಳ ಹಾಕಿ, ಎರಡೂ ಅಂಚು ಹಿಡಿದು, ಅವಳು ಕೂತಳು. ನಾನು ಹಿಂದೆ ಮಂಡಿಯೂರಿ ಹುಟ್ಟು ಹಾಕಿದೆ. ಮೊದಲು ಬಾಯಲ್ಲಿ ಏನೋ ಪಠಿಸುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಪಠಣ ನಿಂತಿತು. ಒಂದು ಕೈ ಅಂಚು ಬಿಟ್ಟು ನೀರೊಳಗೆ ಹೋಯಿತು.

"ತಣ್ಣಗಿದೆ," ಎಂದಳು. ಆಮೇಲೆ, "ಅಣ್ಣಂದಿರು ಒಬ್ರೂ ಹೇಳ್ಲಿಲ್ಲ, ಹೀಗಿರುತ್ತೆ ಅಂತ."

ಕೆಂಪು ಬುರುಡೆ ಹತ್ತಿರ ಬಂತು. ನಾನು ಹಲಗೆ ತಿರುಗಿಸಿದೆ. ದಡ ಎದುರಾಯಿತು. ನಮ್ಮ ಕಲ್ಲಿನ ಮೇಲೆ ಹಳದಿ ಬೆಕ್ಕೊಂದು ಏರಿ ಕೂತಿತ್ತು. ಅಮ್ಮಿ ಬ್ರೆಡ್ಡನ್ನು ಆ ಲೈನಿಂಗ್ ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ಬೆಕ್ಕು ಗಂಟನ್ನು ಉಗುರಿನಿಂದ ಎಳೆದು, ಬಟ್ಟೆಯನ್ನು ಪರಪರ ಹರಿದು, ಒಳಗಿನದನ್ನು ತಿನ್ನುತ್ತಿತ್ತು.

"ನೋಡು, ನಾನು ಹೇಳ್ಲಿಲ್ವಾ? ಕಾಯೋರಿಲ್ದಿದ್ರೆ ಹಿಂಗೇ ಆಗೋದು."

"ಬೇಗ ವಾಪಸ್ ಹೋಗೋಣ ಹಾಗಾದ್ರೆ," ಎಂದೆ.

ಅಮ್ಮಿ ಬೆಕ್ಕನ್ನು ನೋಡಿದಳು. ಕೈ ಇನ್ನೂ ನೀರಿನಲ್ಲೇ ಇತ್ತು.

"ತಿನ್ಲಿ ಬಿಡು. ಇನ್ನೊಂದ್ ಸುತ್ತು ಹಾಕು."